ವಿದ್ಯಾಲಯದ ಹೆಸರು ಮತ್ತು ಲಂಡನ್ ಬ್ಯಾಂಕುಗಳ ಹೆಬ್ಬಾಗಿಲು

ಲಂಡನ್ ಮಹಾನಗರದ ನಡುವೆ ಸುಮಾರು ಒಂದು ಚದರ ಮೈಲಿ ವಿಸ್ತಾರದ ಪುರಾತನ ಭಾಗವೊಂದುಂಟು. ಅದಕ್ಕೆ ‘ಸಿಟಿ’ ಎಂದೇ ಹೆಸರು. ಬ್ರಿಟನ್ನಿನ ಕೇಂದ್ರ ಬ್ಯಾಂಕು ಇರುವುದು ಅಲ್ಲಿಯೇ. ಅಲ್ಲಿಂದ ಥೇಮ್ಸ್ ನದಿಯ ದಂಡೆ ಹಿಡಿದು ಪೂರ್ವಕ್ಕೆ ಸಾಗಿದರೆ, ಹಿಂದೊಮ್ಮೆ ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಇಳಿಸುತ್ತಿದ್ದ ಹಡಗುಕಟ್ಟೆಗಳ ಜಾಗದಲ್ಲಿ ಕ್ಯಾನರಿ ವಾರ್ಫ್ ಎಂಬ ಗಗನಚುಂಬಿ ಕಟ್ಟಡಗಳ ಹೊಸ ಪಟ್ಟಣ ಎದ್ದು ನಿಂತಿದೆ. ಜಗತ್ತಿನ ಬೃಹತ್ ಬಂಡವಾಳದ ವ್ಯವಹಾರದಲ್ಲಿ ಗಣನೀಯವಾದ ಪಾಲು ಈ ಎರಡು ತಾಣಗಳಲ್ಲಿ ನಡೆಯುತ್ತದೆ.

ಈ ವ್ಯವಹಾರವನ್ನು ನಡೆಸುವ ಸಂಸ್ಥೆಗಳಿಗೆ ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳೆಂದು ಹೆಸರು. ನಮ್ಮ ಊರಿನ ಬ್ಯಾಂಕಿನಂತೆ ಠೇವಣಿ ಪಡೆದು ಬೆಳೆಸಾಲ ಕೊಡುವುದು ಇವುಗಳ ಮುಖ್ಯ ಕೆಲಸವಲ್ಲ. ದೊಡ್ಡ ಕಂಪನಿಗಳಿಗೂ ಸರ್ಕಾರಗಳಿಗೂ ಶೇರು, ಸಾಲಪತ್ರಗಳ ಮೂಲಕ ಬಂಡವಾಳ ಒದಗಿಸಿಕೊಡುವುದು, ಒಂದು ಕಂಪನಿ ಮತ್ತೊಂದನ್ನು ಕೊಳ್ಳುವಾಗ ಬೆಲೆ ಕಟ್ಟಿ ಸಲಹೆ ನೀಡುವುದು, ಪೇಟೆಯಲ್ಲಿ ಕೊಡುಕೊಳ್ಳುವಿಕೆ ನಡೆಸುವುದು ಇವುಗಳ ಕಾರ್ಯ. ಇಲ್ಲಿ ಹೊಸದಾಗಿ ಸೇರುವ ಪದವೀಧರನಿಗೆ ಮೊದಲ ವರ್ಷದಲ್ಲಿಯೇ, ಬೋನಸ್ಸನ್ನು ಬಿಟ್ಟು, ಸುಮಾರು 60ರಿಂದ 70 ಸಾವಿರ ಪೌಂಡುಗಳ ಸಂಬಳ ದೊಡ್ಡ ಬ್ಯಾಂಕುಗಳಲ್ಲಿ ದೊರೆಯುತ್ತದೆ. 2024ರಲ್ಲಿ ಆ ದೇಶದಲ್ಲಿ ಪೂರ್ಣಾವಧಿ ದುಡಿಯುವವರ ಸಂಬಳದ ಮಧ್ಯಮ ಮೊತ್ತ ವರ್ಷಕ್ಕೆ ಸುಮಾರು 37 ಸಾವಿರ ಪೌಂಡು ಮಾತ್ರ ಇತ್ತೆಂಬುದನ್ನು ನೆನೆದರೆ, ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿನ ತರುಣ ತರುಣಿಯರು ಈ ಬಾಗಿಲ ಮುಂದೆ ಏಕೆ ಮುಗಿಬೀಳುತ್ತಾರೆಂಬುದು ತಾನಾಗಿ ತಿಳಿಯುತ್ತದೆ.

ಈ ಬಾಗಿಲನ್ನು ದಾಟಲು ಜಾಣತನ ಬೇಕು, ಪರಿಶ್ರಮ ಬೇಕು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಇವೆರಡನ್ನೂ ಅಳೆಯುವ ಮೊದಲೇ ಕೇಳಲ್ಪಡುವ ಪ್ರಶ್ನೆಯೊಂದುಂಟು: ‘ಎಲ್ಲಿ ಓದಿದ್ದು?’ ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಹದಿನೇಳನೆಯ ವಯಸ್ಸಿನಲ್ಲಿ ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕೆಂದು ಯೋಚಿಸುವಾಗ, ಈ ಪ್ರಶ್ನೆಗೆ ತಾವು ಆಗಲೇ ಅರ್ಧ ಉತ್ತರ ಕೊಡುತ್ತಿದ್ದೇವೆಂಬುದು ಅವರಿಗೆ ತಿಳಿದಿರುವುದಿಲ್ಲ. ತಿಳಿದಿರುವ ಮನೆಗಳು ಕೆಲವೇ. ತಿಳಿದವರಿಗೂ ತಿಳಿಯದವರಿಗೂ ನಡುವೆ ಇರುವ ಈ ಅಂತರವೇ ಪ್ರಸ್ತುತ ಲೇಖನದ ವಿಚಾರ.

ಹಳೆಯ ಮನೆತನಗಳು, ಹೊಸ ಯಜಮಾನರು

ಇಪ್ಪತ್ತನೆಯ ಶತಮಾನದ ಬಹುಭಾಗ ಲಂಡನ್ನಿನ ಈ ವ್ಯವಹಾರ ಬೇರಿಂಗ್, ರಾತ್‌ಶೈಲ್ಡ್, ಹ್ಯಾಂಬ್ರೋ, ಕ್ಲೈನ್‌ವರ್ಟ್, ಶ್ರೋಡರ್ ಮೊದಲಾದ ಮನೆತನಗಳ ಹೆಸರಿನ ಮರ್ಚೆಂಟ್ ಬ್ಯಾಂಕುಗಳ ಕೈಯಲ್ಲಿತ್ತು. ಅಲ್ಲಿ ನೌಕರಿ ದೊರೆಯುತ್ತಿದ್ದುದು ಬಹುಮಟ್ಟಿಗೆ ಪರಿಚಯದಿಂದ. ಈಟನ್‌ನಂಥ ಶ್ರೀಮಂತ ಶಾಲೆಯಲ್ಲಿ ಜೊತೆಗೆ ಓದಿದವರು, ಒಂದೇ ಸೈನಿಕ ದಳದಲ್ಲಿ ಸೇವೆ ಸಲ್ಲಿಸಿದವರು, ಬಂಧುಗಳು, ಬೀಗರು ಇವರ ಮಕ್ಕಳಿಗೆ ಆಸನ ಸಿದ್ಧವಾಗಿರುತ್ತಿತ್ತು. ವಿಶ್ವವಿದ್ಯಾಲಯ ಅಂದು ಅಷ್ಟು ಮುಖ್ಯವಾಗಿರಲಿಲ್ಲ. ಮನೆತನ ಮತ್ತು ಶಾಲೆ ಮುಖ್ಯವಾಗಿದ್ದವು.

1986ರ ಅಕ್ಟೋಬರ್ 27ರಂದು ಲಂಡನ್ ಶೇರುಪೇಟೆಯ ಕಟ್ಟುಪಾಡುಗಳನ್ನು ಒಮ್ಮೆಗೇ ಸಡಿಲಿಸಲಾಯಿತು. ‘ಬಿಗ್ ಬ್ಯಾಂಗ್’ ಎಂದು ಪ್ರಸಿದ್ಧವಾದ ಆ ಸುಧಾರಣೆಯಿಂದ ನಿಗದಿತ ದಲ್ಲಾಳಿ ದರ ರದ್ದಾಯಿತು. ವಿದೇಶೀ ಸಂಸ್ಥೆಗಳು ಲಂಡನ್ನಿನ ಶೇರು ದಲ್ಲಾಳಿ ಮನೆಗಳನ್ನು ಕೊಳ್ಳಲು ದಾರಿ ತೆರೆಯಿತು. ಅಮೆರಿಕದ ಗೋಲ್ಡ್‌ಮನ್ ಸ್ಯಾಕ್ಸ್, ಮಾರ್ಗನ್ ಸ್ಟ್ಯಾನ್ಲಿ, ಜೆ.ಪಿ. ಮಾರ್ಗನ್ ಮುಂತಾದವು ಲಂಡನ್ನಿನಲ್ಲಿ ವಿಸ್ತಾರವಾಗಿ ಬೆಳೆದವು. ಹಳೆಯ ಮನೆಗಳು ಒಂದೊಂದಾಗಿ ಪರರ ಪಾಲಾದವು. ಮಾರ್ಗನ್ ಗ್ರೆನ್‌ಫೆಲ್ ಜರ್ಮನಿಯ ಡಾಯ್ಚೆ ಬ್ಯಾಂಕಿಗೆ ಸೇರಿತು. 1995ರಲ್ಲಿ ವಾರ್‌ಬರ್ಗ್ ಸ್ವಿಸ್ ಬ್ಯಾಂಕಿಗೂ ಕ್ಲೈನ್‌ವರ್ಟ್ ಬೆನ್ಸನ್ ಡ್ರೆಸ್ಡ್‌ನರ್ ಬ್ಯಾಂಕಿಗೂ ಸೇರಿದವು. ಅದೇ ವರ್ಷ ಬೇರಿಂಗ್ಸ್ ದಿವಾಳಿಯೆದ್ದು ಒಂದು ಪೌಂಡಿಗೆ ಡಚ್ ಸಂಸ್ಥೆಯೊಂದರ ಪಾಲಾಯಿತು.

ಹೊಸ ಯಜಮಾನರಿಗೆ ಪ್ರತಿವರ್ಷ ನೂರಾರು ಮಂದಿ ತರುಣರು ಬೇಕಾದರು. ಅಷ್ಟು ಜನರನ್ನು ಪರಿಚಯದ ಬಲದಿಂದ ಹುಡುಕುವುದು ಸಾಧ್ಯವಿರಲಿಲ್ಲ. ಅಮೆರಿಕದಲ್ಲಿ ಆಯ್ದ ಕೆಲವು ವಿಶ್ವವಿದ್ಯಾಲಯಗಳಿಗೇ ಹೋಗಿ ನೌಕರರನ್ನು ಆರಿಸುವ ಪದ್ಧತಿ ರೂಢಿಯಲ್ಲಿತ್ತು. ಅದೇ ಪದ್ಧತಿ ಲಂಡನ್ನಿನಲ್ಲಿಯೂ ಬೇರೂರಿತು. ಹೀಗೆ ಮನೆತನದ ಸ್ಥಾನದಲ್ಲಿ ವಿಶ್ವವಿದ್ಯಾಲಯ ಬಂದು ಕುಳಿತಿತು. ಹಿಂದಿನದಕ್ಕೆ ಹೋಲಿಸಿದರೆ ಇದು ನ್ಯಾಯದ ದಿಕ್ಕಿನಲ್ಲಿ ಇಟ್ಟ ಹೆಜ್ಜೆಯೇ ಸರಿ. ಆದರೆ ಪೂರ್ಣ ನ್ಯಾಯವೇ ಎಂಬುದನ್ನು ಮುಂದೆ ನೋಡೋಣ.

ಗುರಿಯ ಪಟ್ಟಿ

ಬ್ರಿಟನ್ನಿನಲ್ಲಿ ಸುಮಾರು 140 ವಿಶ್ವವಿದ್ಯಾಲಯಗಳಿವೆ. ಬ್ಯಾಂಕುಗಳು ವಿಶೇಷವಾಗಿ ಕಣ್ಣಿಟ್ಟಿರುವ ವಿದ್ಯಾಲಯಗಳನ್ನು ಆ ವಲಯದವರು ‘ಟಾರ್ಗೆಟ್’, ಅಂದರೆ ಗುರಿಯ ವಿದ್ಯಾಲಯಗಳು ಎಂದು ಕರೆಯುತ್ತಾರೆ. ಆಕ್ಸ್‌ಫರ್ಡ್, ಕೇಂಬ್ರಿಜ್, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಇಂಪೀರಿಯಲ್ ಕಾಲೇಜು, ಯೂನಿವರ್ಸಿಟಿ ಕಾಲೇಜು ಲಂಡನ್ ಮತ್ತು ವಾರ್ವಿಕ್ ಈ ಆರು ಹೆಸರುಗಳು ಸಾಮಾನ್ಯವಾಗಿ ಎಲ್ಲರ ಬಾಯಲ್ಲೂ ಬರುತ್ತವೆ. ಅನಂತರದ ಸಾಲಿನಲ್ಲಿ ಡರ್ಹಮ್, ಬ್ರಿಸ್ಟಲ್, ನಾಟಿಂಗ್‌ಹ್ಯಾಮ್, ಬಾತ್, ಎಡಿನ್‌ಬರೊ, ಸೇಂಟ್ ಆಂಡ್ರೂಸ್, ಕಿಂಗ್ಸ್ ಕಾಲೇಜು ಮೊದಲಾದವು ಸೇರುತ್ತವೆ. ಇದು ಯಾರೂ ಅಚ್ಚುಹಾಕಿಸಿದ ಪಟ್ಟಿಯಲ್ಲ. ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಲ್ಪ ವ್ಯತ್ಯಾಸವೂ ಉಂಟು.

ಪಟ್ಟಿಯಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಪ್ರಾಚೀನತೆಯೊಂದೇ ಇಲ್ಲಿ ಮಾನದಂಡವಲ್ಲ. ವಾರ್ವಿಕ್ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1965ರಲ್ಲಿ. ಅದಿರುವುದು ವಾರ್ವಿಕ್ ಪಟ್ಟಣದಲ್ಲಿಯೂ ಅಲ್ಲ, ಕೈಗಾರಿಕಾ ನಗರವಾದ ಕವೆಂಟ್ರಿಯ ಅಂಚಿನಲ್ಲಿ. ಅರ್ಥಶಾಸ್ತ್ರ ಮತ್ತು ಗಣಿತದ ವಿಭಾಗಗಳ ಬಲದಿಂದ ಅದು ಶತಮಾನಗಳ ಹಿರಿಮೆಯುಳ್ಳ ವಿದ್ಯಾಲಯಗಳನ್ನು ಹಿಂದಿಕ್ಕಿ ಈ ಸಾಲಿಗೆ ಬಂದಿತು. 1895ರಲ್ಲಿ ಆರಂಭವಾದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ ಇನ್ನೊಂದು ಅನುಕೂಲವುಂಟು: ಅದರ ಅಂಗಳದಿಂದ ಸಿಟಿಗೆ ಕಾಲ್ನಡಿಗೆಯಲ್ಲಿಯೇ ಹೋಗಬಹುದು. ಸಂಜೆ ಬ್ಯಾಂಕಿನವರು ಏರ್ಪಡಿಸುವ ಪರಿಚಯ ಸಭೆಗೆ ಅಲ್ಲಿಯ ವಿದ್ಯಾರ್ಥಿ ನಡೆದುಹೋಗಿ ಬರುತ್ತಾನೆ. ವೇಲ್ಸಿನಲ್ಲಿಯೋ ಸ್ಕಾಟ್ಲೆಂಡಿನ ಉತ್ತರದಲ್ಲಿಯೋ ಓದುವವನಿಗೆ ಅದೇ ಸಭೆಗೆ ಹೋಗುವುದೆಂದರೆ ರೈಲಿನ ದುಬಾರಿ ಟಿಕೆಟ್ಟು ಮತ್ತು ಒಂದು ರಾತ್ರಿಯ ವಸತಿಯ ಖರ್ಚು.

ಬ್ಯಾಂಕುಗಳು ಈ ಕೆಲವನ್ನೇ ಏಕೆ ನೆಚ್ಚುತ್ತವೆ? ಅಲ್ಲಿ ಕಲಿಸುವ ವಿದ್ಯೆ ಶ್ರೇಷ್ಠವೆಂಬುದು ಒಂದು ಉತ್ತರ. ಆದರೆ ಇನ್ನೂ ವ್ಯಾವಹಾರಿಕವಾದ ಕಾರಣವುಂಟು. ಈ ವಿದ್ಯಾಲಯಗಳು ಪ್ರವೇಶದ ಕಾಲದಲ್ಲಿಯೇ ಅತ್ಯಂತ ಹೆಚ್ಚು ಅಂಕ ಪಡೆದವರನ್ನು ಆರಿಸಿಕೊಂಡಿರುತ್ತವೆ. ಒಬ್ಬರು ಕೇರಿ ಹಸನುಮಾಡಿದ ಅಕ್ಕಿಯನ್ನು ಮತ್ತೊಬ್ಬರು ಅಳೆದುಕೊಂಡು ಹೋಗುವಂತೆ, ವಿದ್ಯಾಲಯ ಮಾಡಿದ ಆಯ್ಕೆಯನ್ನೇ ಬ್ಯಾಂಕು ತನ್ನ ಮೊದಲ ಆಯ್ಕೆಯಾಗಿ ಬಳಸಿಕೊಳ್ಳುತ್ತದೆ. ಒಂದೊಂದು ಸ್ಥಾನಕ್ಕೂ ಹತ್ತಾರು ಅರ್ಜಿಗಳು ಬಂದು ಬೀಳುವಾಗ ಹೀಗೆ ಮಾಡುವುದು ಅಗ್ಗ ಮತ್ತು ಸುಲಭ. ಬೇರೆ ಮೊರದಲ್ಲಿಯೂ ಒಳ್ಳೆಯ ಕಾಳು ಇರಬಹುದೆಂಬುದು ಬ್ಯಾಂಕುಗಳಿಗೆ ತಿಳಿಯದ ಸಂಗತಿಯಲ್ಲ. ಹುಡುಕುವ ಶ್ರಮ ಮತ್ತು ವೆಚ್ಚ ಬೇಡವೆಂಬುದೇ ಅವರ ಲೆಕ್ಕಾಚಾರ.

ಓದಿದ ವಿಷಯ

ನಮ್ಮಲ್ಲಿ ಬ್ಯಾಂಕಿನ ನೌಕರಿಯೆಂದರೆ ವಾಣಿಜ್ಯಶಾಸ್ತ್ರ ಓದಿದವರ ಹಕ್ಕು ಎಂಬ ಭಾವನೆಯುಂಟು. ಬ್ರಿಟನ್ನಿನ ರೂಢಿ ಬೇರೆ. ಅಲ್ಲಿ ಇತಿಹಾಸ, ಲ್ಯಾಟಿನ್ ಗ್ರೀಕ್ ಭಾಷೆಗಳು, ಭೂಗೋಳ, ಭೌತಶಾಸ್ತ್ರ ಓದಿದವರೂ ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೆ ಸೇರುತ್ತಾರೆ. ಚೆನ್ನಾಗಿ ಯೋಚಿಸಬಲ್ಲವನಿಗೆ ಲೆಕ್ಕಪತ್ರವನ್ನು ಕೆಲವು ವಾರಗಳ ತರಬೇತಿಯಲ್ಲಿ ಕಲಿಸಬಹುದೆಂಬುದು ಅಲ್ಲಿಯವರ ನಂಬಿಕೆ. ಗಣಿತದ ಸೂತ್ರಗಳಿಂದ ಬೆಲೆ ಕಟ್ಟುವ ವಿಭಾಗಗಳಲ್ಲಿ ಮಾತ್ರ ಗಣಿತ, ಭೌತಶಾಸ್ತ್ರ, ಗಣಕ ವಿಜ್ಞಾನಗಳ ಪ್ರೌಢ ಜ್ಞಾನವನ್ನು ಕಡ್ಡಾಯವಾಗಿ ಬಯಸುತ್ತಾರೆ.

ಇದರ ಫಲವೇನೆಂದರೆ, ಸುಪ್ರಸಿದ್ಧ ವಿದ್ಯಾಲಯದಲ್ಲಿ ಇತಿಹಾಸ ಓದಿದವನು, ಅಷ್ಟು ಹೆಸರಿಲ್ಲದ ವಿದ್ಯಾಲಯದಲ್ಲಿ ಹಣಕಾಸು ಶಾಸ್ತ್ರವನ್ನೇ ಓದಿದವನಿಗಿಂತ ಮೊದಲು ಒಳಗೆ ಕರೆಯಲ್ಪಡುವ ಸಂಭವ ಹೆಚ್ಚು. ಪದವಿಯ ದರ್ಜೆಯೂ ಮುಖ್ಯ. ಅಲ್ಲಿ ದ್ವಿತೀಯ ದರ್ಜೆಯನ್ನು ಮೇಲಿನದು, ಕೆಳಗಿನದು ಎಂದು ಎರಡಾಗಿ ಭಾಗಿಸುತ್ತಾರೆ. ಮೇಲಿನ ದ್ವಿತೀಯ ದರ್ಜೆಗಿಂತ ಕಡಿಮೆಯಾದರೆ ಬಹುತೇಕ ಬ್ಯಾಂಕುಗಳ ಬಾಗಿಲು ಮುಚ್ಚುತ್ತದೆ. ಇಂಥ ಸಂಗತಿಗಳನ್ನು ವಿವರಿಸಿ ಹೇಳಬಲ್ಲ ಒಬ್ಬ ಉಪಾಧ್ಯಾಯ ಶಾಲೆಯಲ್ಲಿ ಇದ್ದರೆ ವಿದ್ಯಾರ್ಥಿಯ ಭಾಗ್ಯ. ಇಲ್ಲದಿದ್ದರೆ ‘ಬ್ಯಾಂಕಿಂಗ್’ ಎಂಬ ಪದವಿರುವ ಕೋರ್ಸನ್ನು ಆರಿಸಿಕೊಂಡು, ಅದೇ ನೇರವಾದ ದಾರಿಯೆಂದು ಅವನು ನಂಬಿ ನಡೆಯುತ್ತಾನೆ.

ಯಾರೂ ಹೇಳದ ಪಂಚಾಂಗ

ಬ್ಯಾಂಕುಗಳ ನೇಮಕಾತಿಗೆ ತನ್ನದೇ ಆದ ಪಂಚಾಂಗವಿದೆ. ಪದವಿ ಮುಗಿಸಿ ಪ್ರಮಾಣಪತ್ರ ಹಿಡಿದು ಅರ್ಜಿ ಹಾಕುವುದು ಲೋಕರೂಢಿ. ಇಲ್ಲಿ ಹಾಗಲ್ಲ.

ಮೂರು ವರ್ಷದ ಪದವಿಯ ಮೊದಲ ವರ್ಷದಲ್ಲಿಯೇ ಮೊದಲ ಮೆಟ್ಟಿಲು ಬರುತ್ತದೆ. ಅದಕ್ಕೆ ‘ಸ್ಪ್ರಿಂಗ್ ವೀಕ್’, ಅಂದರೆ ವಸಂತ ಸಪ್ತಾಹ ಎಂದು ಹೆಸರು. ಈಸ್ಟರ್ ರಜೆಯಲ್ಲಿ ಕೆಲವು ದಿನ ಬ್ಯಾಂಕಿಗೆ ಬಂದು ಕೆಲಸವನ್ನು ನೋಡಿ ತಿಳಿಯುವ ಅವಕಾಶವದು. ಅದಕ್ಕೆ ಅರ್ಜಿ ಹಾಕಬೇಕಾದುದು ಹಿಂದಿನ ಶರತ್ಕಾಲದಲ್ಲಿ. ಎಂದರೆ ವಿದ್ಯಾರ್ಥಿ ವಿಶ್ವವಿದ್ಯಾಲಯಕ್ಕೆ ಕಾಲಿಟ್ಟು ಕೆಲವು ವಾರಗಳಷ್ಟೇ ಆಗಿರುವಾಗ, ಹಾಸ್ಟೆಲಿನ ದಾರಿಯೇ ಸರಿಯಾಗಿ ಪರಿಚಯವಾಗದಿರುವಾಗ! ಎರಡನೆಯ ಮೆಟ್ಟಿಲು, ಕೊನೆಯ ವರ್ಷಕ್ಕೆ ಮುಂಚಿನ ಬೇಸಗೆಯಲ್ಲಿ ಸುಮಾರು ಒಂಬತ್ತು ಹತ್ತು ವಾರಗಳ ಸಂಬಳಸಹಿತ ತರಬೇತಿ. ವಸಂತ ಸಪ್ತಾಹಕ್ಕೆ ಬಂದು ಮೆಚ್ಚುಗೆ ಪಡೆದವರಿಗೆ ಈ ಬೇಸಗೆ ತರಬೇತಿಯ ದಾರಿ ಹತ್ತಿರವಾಗುತ್ತದೆ. ಬೇಸಗೆಯಲ್ಲಿ ಚೆನ್ನಾಗಿ ದುಡಿದವರಿಗೆ ಖಾಯಂ ನೌಕರಿಯ ಪತ್ರ ಕೈಗೆ ಬರುತ್ತದೆ. ಹೀಗಾಗಿ ಹೊಸ ನೌಕರರ ಸ್ಥಾನಗಳಲ್ಲಿ ಹೆಚ್ಚಿನವು, ಉಳಿದ ವಿದ್ಯಾರ್ಥಿಗಳು ಕೊನೆಯ ವರ್ಷದ ಪಾಠ ಆರಂಭಿಸುವ ಹೊತ್ತಿಗೇ ತುಂಬಿಹೋಗಿರುತ್ತವೆ. ಸಾಲದೆಂಬಂತೆ, ಅನೇಕ ಬ್ಯಾಂಕುಗಳು ಅರ್ಜಿಗಳನ್ನು ಬಂದಂತೆ ಬಂದಂತೆ ಪರಿಶೀಲಿಸುತ್ತವೆ. ಕೊನೆಯ ದಿನಾಂಕದವರೆಗೆ ಕಾದವನಿಗೆ ಎಷ್ಟೋ ವೇಳೆ ಉಳಿದಿರುವುದು ಖಾಲಿ ಎಲೆ.

ವಿದ್ಯಾಲಯದ ಹೆಸರು ನಿಜವಾಗಿ ಕೆಲಸ ಮಾಡುವುದು ಇಲ್ಲಿ. ಗುರಿಯ ವಿದ್ಯಾಲಯದಲ್ಲಿ ಹಿರಿಯ ವಿದ್ಯಾರ್ಥಿಗಳೇ ನಡೆಸುವ ಹಣಕಾಸು ಸಂಘಗಳಿರುತ್ತವೆ. ಹೊಸಬ ಬಂದ ಮೊದಲ ವಾರದಲ್ಲಿಯೇ ಅವರು ಈ ಪಂಚಾಂಗವನ್ನು ಅವನ ಕೈಗೆ ಕೊಡುತ್ತಾರೆ; ಅರ್ಜಿಯನ್ನು ತಿದ್ದುತ್ತಾರೆ; ಸಂದರ್ಶನದ ಪ್ರಶ್ನೆಗಳನ್ನು ಅಭ್ಯಾಸ ಮಾಡಿಸುತ್ತಾರೆ. ಹಿಂದಿನ ವರ್ಷ ಬ್ಯಾಂಕಿಗೆ ಸೇರಿದ ಪೂರ್ವ ವಿದ್ಯಾರ್ಥಿ ಬಂದು ಮಾತನಾಡುತ್ತಾನೆ. ಅದೇ ಬುದ್ಧಿ, ಅದೇ ಅಂಕಗಳುಳ್ಳ ಇನ್ನೊಬ್ಬ ವಿದ್ಯಾರ್ಥಿ ಬೇರೊಂದು ಊರಿನ ವಿದ್ಯಾಲಯದಲ್ಲಿ ಎರಡು ವರ್ಷ ಶ್ರದ್ಧೆಯಿಂದ ಓದಿ, ಮೂರನೆಯ ವರ್ಷ ತಲೆಯೆತ್ತಿ ನೋಡುವಷ್ಟರಲ್ಲಿ ಜಾತ್ರೆ ಮುಗಿದು ತೇರು ಮನೆಗೆ ಹೋಗಿರುತ್ತದೆ. ಅವನಲ್ಲಿ ಕೊರತೆಯಿದ್ದುದು ಯೋಗ್ಯತೆಗಲ್ಲ, ವರ್ತಮಾನಕ್ಕೆ.

ಕಂದು ಬಣ್ಣದ ಬೂಟು

ಹೆಸರು ಮತ್ತು ವರ್ತಮಾನ ಎರಡೂ ಇದ್ದರೂ ಸಾಲದೆಂಬುದನ್ನು 2016ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಸಾಮಾಜಿಕ ಚಲನೆಯ ಆಯೋಗ ಪ್ರಕಟಿಸಿದ ವರದಿಯೊಂದು ತೋರಿಸಿಕೊಟ್ಟಿತು. ಸಂಶೋಧಕಿ ಲೂಯಿಸ್ ಆ್ಯಶ್ಲಿ ಮತ್ತು ಅವರ ಸಹೋದ್ಯೋಗಿಗಳು ಸಿದ್ಧಪಡಿಸಿದ ಆ ವರದಿ, ಬ್ಯಾಂಕುಗಳು ಕೆಲವೇ ವಿದ್ಯಾಲಯಗಳಿಂದ ತರುಣರನ್ನು ಆರಿಸುವುದನ್ನೂ, ಸಂದರ್ಶನದಲ್ಲಿ ‘ಪಾಲಿಶ್’ ಎಂದು ಅವರು ಕರೆಯುವ ನಯನಾಜೂಕಿಗೆ ವಿಶೇಷ ಬೆಲೆ ಕೊಡುವುದನ್ನೂ ಬಯಲಿಗಿಟ್ಟಿತು. ಸೂಟಿನ ಜೊತೆಗೆ ಕಂದು ಬಣ್ಣದ ಬೂಟು ಧರಿಸಿ ಬಂದ, ಕಣ್ಣಿಗೆ ಹೊಡೆಯುವಂಥ ಟೈ ಕಟ್ಟಿದ ಅಭ್ಯರ್ಥಿ ‘ನಮ್ಮವನಲ್ಲ’ ಎಂದು ಕೆಲವರಿಗೆ ತೋರುತ್ತಿದ್ದನಂತೆ. ಕಪ್ಪು ಬೂಟನ್ನೇ ಧರಿಸಬೇಕೆಂದು ಯಾವ ಸೂಚನಾ ಪತ್ರದಲ್ಲಿಯೂ ಬರೆದಿರುವುದಿಲ್ಲ. ಅದು ಮನೆಯಲ್ಲಿ ತಂದೆಯನ್ನು ನೋಡಿ ಕಲಿಯುವ ಸಂಗತಿ. ತಂದೆ ಕಾರ್ಖಾನೆಗೆ ಹೋಗುವವನಾಗಿದ್ದರೆ ಅದನ್ನು ಕಲಿಯುವ ಬಗೆ ಹೇಗೆ?

ಬ್ರಿಟನ್ನಿನಲ್ಲಿ ಶುಲ್ಕ ಪಡೆಯುವ ಖಾಸಗಿ ಶಾಲೆಗಳಲ್ಲಿ ಓದುವ ಮಕ್ಕಳು ನೂರಕ್ಕೆ ಸುಮಾರು ಏಳು ಮಂದಿ. ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿಯೂ ಹಣಕಾಸಿನ ಸಂಸ್ಥೆಗಳಲ್ಲಿಯೂ ಅವರ ಪ್ರಮಾಣ ಇದಕ್ಕಿಂತ ಎಷ್ಟೋ ಹೆಚ್ಚು. ಒಳಗೆ ಸೇರಿದ ಮೇಲೂ ಈ ಭೇದ ಅಳಿಯುವುದಿಲ್ಲ. ಬ್ರಿಜ್ ಗ್ರೂಪ್ ಎಂಬ ಸಂಸ್ಥೆ 2020ರಲ್ಲಿ ಎಂಟು ಹಣಕಾಸು ಸಂಸ್ಥೆಗಳನ್ನು ಅಧ್ಯಯನ ಮಾಡಿದಾಗ, ಉನ್ನತ ಹುದ್ದೆಯವರಲ್ಲಿ ನೂರಕ್ಕೆ 89 ಮಂದಿ ಅನುಕೂಲಸ್ಥ ಹಿನ್ನೆಲೆಯವರೆಂದು ಕಂಡುಬಂದಿತು. ದುಡಿಮೆಗಾರ ಕುಟುಂಬಗಳಿಂದ ಬಂದವರು ಬಡ್ತಿ ಪಡೆಯಲು ಉಳಿದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚು ಕಾಲ ಕಾಯಬೇಕಾಗುತ್ತಿತ್ತು. ಅವರ ಕೆಲಸದ ಗುಣಮಟ್ಟದಲ್ಲಿ ಇದಕ್ಕೆ ತಕ್ಕ ಕಾರಣವೇನೂ ಕಂಡುಬರಲಿಲ್ಲ.

ಒಂದೇ ಕುರ್ಚಿಗೆ ಎರಡು ದಾರಿ

ಈ ವಿಷಯಕ್ಕೆ ಎರಡು ಸಾರ್ವಜನಿಕ ಜೀವನಗಳು ಒಳ್ಳೆಯ ನಿದರ್ಶನ. ಸಾಜಿದ್ ಜಾವಿದ್ 1969ರಲ್ಲಿ ರಾಚ್‌ಡೇಲ್ ಪಟ್ಟಣದಲ್ಲಿ ಹುಟ್ಟಿದವರು. ಪಾಕಿಸ್ತಾನದಿಂದ ವಲಸೆ ಬಂದ ತಂದೆ ಬಸ್ಸಿನ ಚಾಲಕರಾಗಿದ್ದರು. ಬ್ರಿಸ್ಟಲ್ ನಗರದಲ್ಲಿ ಬೆಳೆದ ಸಾಜಿದ್ ಸಾಮಾನ್ಯ ಸರ್ಕಾರೀ ಶಾಲೆಗೆ ಹೋದರು. ಟೆಲಿವಿಷನ್ ದುರಸ್ತಿಯ ಕೆಲಸ ಕಲಿಯುವಂತೆ ಶಾಲೆಯಲ್ಲಿ ತಮಗೆ ಸಲಹೆ ನೀಡಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. ಅವರು ಪದವಿ ಪಡೆದದ್ದು ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ. ಮೇಲೆ ಹೇಳಿದ ಆರು ಹೆಸರುಗಳಲ್ಲಿ ಅದು ಇಲ್ಲ. ಅವರಿಗೆ ಬಾಗಿಲು ತೆರೆದದ್ದು ಅಮೆರಿಕದ ಚೇಸ್ ಮ್ಯಾನ್‌ಹಟನ್ ಬ್ಯಾಂಕು. ಇಪ್ಪತ್ತೈದರ ಹರೆಯದಲ್ಲಿಯೇ ಅಲ್ಲಿ ವೈಸ್ ಪ್ರೆಸಿಡೆಂಟ್ ಆದರು. ಮುಂದೆ ಡಾಯ್ಚೆ ಬ್ಯಾಂಕಿನಲ್ಲಿ ಉನ್ನತ ಹುದ್ದೆಗೇರಿದರು. 2010ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾಗಿ 2019ರಲ್ಲಿ ಅರ್ಥಮಂತ್ರಿಯಾದರು.

2020ರ ಫೆಬ್ರವರಿಯಲ್ಲಿ ಅವರ ಕುರ್ಚಿಗೆ ಬಂದವರು ಋಷಿ ಸುನಕ್. 1980ರಲ್ಲಿ ಸೌತಾಂಪ್ಟನ್ನಿನಲ್ಲಿ ಹುಟ್ಟಿದ ಇವರ ತಂದೆ ವೈದ್ಯರು, ತಾಯಿ ಔಷಧ ಶಾಸ್ತ್ರ ಬಲ್ಲವರು. ಮಗನನ್ನು ವಿಂಚೆಸ್ಟರ್ ಕಾಲೇಜು ಎಂಬ ಪ್ರಖ್ಯಾತ ಖಾಸಗಿ ಶಾಲೆಗೆ ಕಳುಹಿಸಿದರು. ಅಲ್ಲಿಂದ ಆಕ್ಸ್‌ಫರ್ಡಿನ ಲಿಂಕನ್ ಕಾಲೇಜು, 2001ರಲ್ಲಿ ನೇರವಾಗಿ ಗೋಲ್ಡ್‌ಮನ್ ಸ್ಯಾಕ್ಸ್. ಇವರು ಕನ್ನಡಿಗರಿಗೆ ಪರಿಚಿತರು. ನಮ್ಮ ನಾಡಿನ ಸುಧಾ ಮೂರ್ತಿ ಮತ್ತು ನಾರಾಯಣ ಮೂರ್ತಿ ದಂಪತಿಗಳ ಅಳಿಯಂದಿರು. 2022ರಿಂದ 2024ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದವರು.

ಇಬ್ಬರೂ ವಲಸೆ ಬಂದವರ ಮಕ್ಕಳು, ಇಬ್ಬರೂ ಜಾಣರು, ಇಬ್ಬರೂ ಶ್ರಮಜೀವಿಗಳು. ಒಬ್ಬರಿಗೆ ದಾರಿಯ ಪ್ರತಿ ತಿರುವಿನಲ್ಲಿ ಕೈಮರವಿತ್ತು. ಮತ್ತೊಬ್ಬರು ಕೈಮರವಿಲ್ಲದ ದಾರಿಯಲ್ಲಿ ಅಲ್ಲಿಗೇ ಬಂದು ಸೇರಿದರು. ಜಾವಿದರ ಕಥೆಯಿಂದ ‘ವಿದ್ಯಾಲಯ ಯಾವುದಾದರೇನು’ ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಹಾಗೆ ಬಂದು ಸೇರಿದ ಒಬ್ಬರ ಕಥೆ ಪ್ರಸಿದ್ಧವಾಗುತ್ತದೆ. ದಾರಿಯಲ್ಲಿ ಉಳಿದುಹೋದವರ ಕಥೆಯನ್ನು ಯಾರೂ ಬರೆಯುವುದಿಲ್ಲ.

ಸಡಿಲುತ್ತಿರುವ ಕಟ್ಟು

ಈ ಪದ್ಧತಿಯಿಂದ ತಮಗೂ ನಷ್ಟವಿದೆಯೆಂಬುದನ್ನು ಸಿಟಿಯ ಸಂಸ್ಥೆಗಳು ನಿಧಾನವಾಗಿ ಅರಿಯತೊಡಗಿವೆ. 2015ರಲ್ಲಿ ಡೆಲಾಯ್ಟ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆ, ಸಂದರ್ಶಕರಿಗೆ ಅಭ್ಯರ್ಥಿಯ ವಿಶ್ವವಿದ್ಯಾಲಯದ ಹೆಸರನ್ನೇ ತಿಳಿಸದಿರುವ ಕ್ರಮವನ್ನು ಘೋಷಿಸಿತು. 2016ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಪದವಿ ವಿದ್ಯಾರ್ಥಿಗಳ ಮೊದಲ ಸುತ್ತಿನ ಸಂದರ್ಶನವನ್ನು ವಿದ್ಯಾಲಯಗಳ ಅಂಗಳದಿಂದ ವಿಡಿಯೊಕ್ಕೆ ಬದಲಾಯಿಸಿತು. ಇಂದು ಅರ್ಜಿ, ಬುದ್ಧಿಪರೀಕ್ಷೆ, ಮೊದಲ ಸಂದರ್ಶನ ಇವೆಲ್ಲ ಕಂಪ್ಯೂಟರಿನ ಮೂಲಕವೇ ನಡೆಯುವುದರಿಂದ, ದೂರದ ಊರಿನ ವಿದ್ಯಾರ್ಥಿಯೂ ಪರೀಕ್ಷೆಗೆ ಕುಳಿತುಕೊಳ್ಳಬಲ್ಲ. ಎಸ್.ಇ.ಒ. ಲಂಡನ್ ಎಂಬ ಸೇವಾಸಂಸ್ಥೆ 2000ದಿಂದಲೂ ಅಲ್ಪಸಂಖ್ಯಾತ ಜನಾಂಗಗಳ ಹಾಗೂ ಅಲ್ಪ ಆದಾಯದ ಕುಟುಂಬಗಳ ವಿದ್ಯಾರ್ಥಿಗಳಿಗೆ ತರಬೇತಿ ನೀಡಿ ಬ್ಯಾಂಕುಗಳಿಗೆ ಪರಿಚಯಿಸುತ್ತ ಬಂದಿದೆ.

ಕಟ್ಟು ಸಡಿಲುತ್ತಿದೆ ನಿಜ, ಕಳಚಿ ಬಿದ್ದಿಲ್ಲ. ಅರ್ಜಿಗಳು ಸುಲಭವಾದಷ್ಟೂ ಅವುಗಳ ರಾಶಿ ದೊಡ್ಡದಾಗುತ್ತದೆ. ರಾಶಿ ದೊಡ್ಡದಾದಷ್ಟೂ ಆಯುವವನು ಪರಿಚಿತ ಹೆಸರನ್ನು ಅರಸುತ್ತಾನೆ. ಇದು ಮನುಷ್ಯಸ್ವಭಾವ.

ಹೊರಗೆ ಕಾಣದ ಬೆಲೆ

ಇಷ್ಟೆಲ್ಲ ಹೋರಾಡಿ ಪಡೆದ ನೌಕರಿಯ ಸ್ವರೂಪವನ್ನೂ ತಾಯಿತಂದೆಗಳು ಅರಿತಿರಬೇಕು. ಮೊದಲ ಎರಡು ಮೂರು ವರ್ಷ ವಾರಕ್ಕೆ ಎಪ್ಪತ್ತು ಎಂಬತ್ತು ಗಂಟೆ ದುಡಿಯುವುದು ಅಲ್ಲಿ ಅಪರೂಪವಲ್ಲ. 2013ರಲ್ಲಿ ಲಂಡನ್ನಿನ ಒಂದು ಬ್ಯಾಂಕಿನಲ್ಲಿ ಬೇಸಗೆ ತರಬೇತಿಯಲ್ಲಿದ್ದ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯೊಬ್ಬ ತನ್ನ ವಸತಿಯಲ್ಲಿ ಮೃತನಾಗಿ ಕಂಡುಬಂದ. ಮೂರ್ಛೆರೋಗದ ಆಘಾತದಿಂದ ಸಾವು ಸಂಭವಿಸಿತೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತಾದರೂ, ತರುಣರ ರಾತ್ರಿಹಗಲಿನ ದುಡಿಮೆಯ ಬಗ್ಗೆ ದೇಶದಲ್ಲೆಲ್ಲ ಚರ್ಚೆ ನಡೆಯಿತು. 2015ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್, ಬೇಸಗೆ ತರಬೇತಿಯವರು ಮಧ್ಯರಾತ್ರಿಯಿಂದ ಬೆಳಗಿನ ಏಳರವರೆಗೆ ಕಚೇರಿಯಲ್ಲಿರಕೂಡದೆಂದು ನಿಯಮ ಮಾಡಿತು. ಇಂಥದೊಂದು ನಿಯಮ ಬೇಕಾಯಿತೆಂಬುದೇ ಆ ದುಡಿಮೆ ಎಂಥದೆಂಬುದನ್ನು ಹೇಳುತ್ತದೆ.

ನಮ್ಮ ಮನೆಗಳಿಗೆ ಸಂಬಂಧಿಸಿದ ಮಾತು

ಇದು ಪರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ನಾಡಿನಿಂದಲೂ ತರುಣ ತರುಣಿಯರು ಬ್ರಿಟನ್ನಿಗೆ ಹೋಗುತ್ತಿದ್ದಾರೆ. ಇಲ್ಲಿಂದ ಹೋಗುವವರಲ್ಲಿ ಬಹುಮಂದಿ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಸೇರುವವರು. ಹೊಲ ಮನೆಗಳನ್ನು ಒತ್ತೆಯಿಟ್ಟು, ಮದುವೆಗೆಂದು ಕೂಡಿಟ್ಟ ಬಂಗಾರವನ್ನು ಕರಗಿಸಿ ಕಳುಹಿಸುವ ಕುಟುಂಬಗಳೂ ಉಂಟು. ಇಂಗ್ಲೆಂಡಿನಲ್ಲಿ ಸ್ಥಳೀಯ ಪದವಿ ವಿದ್ಯಾರ್ಥಿಯ ವಾರ್ಷಿಕ ಶುಲ್ಕಕ್ಕೆ 2025ರಲ್ಲಿ 9,535 ಪೌಂಡುಗಳ ಮಿತಿಯಿತ್ತು. ಹೊರದೇಶದವರಿಗೆ ಅಂಥ ಮಿತಿಯೇ ಇಲ್ಲ, ಹೆಸರಾಂತ ವಿದ್ಯಾಲಯಗಳಲ್ಲಿ ಅದರ ಮೂರು ನಾಲ್ಕು ಪಟ್ಟು ತೆರಬೇಕಾಗುತ್ತದೆ.

ಮೇಲೆ ಹೇಳಿದ ಪಂಚಾಂಗವನ್ನು ಇಲ್ಲಿ ಅನ್ವಯಿಸಿ ನೋಡಿರಿ. ಒಂದು ವರ್ಷದ ಪದವಿಗೆಂದು ಸೆಪ್ಟೆಂಬರಿನ ಕೊನೆಗೆ ಲಂಡನ್ನಿಗೆ ಇಳಿಯುವ ವಿದ್ಯಾರ್ಥಿಗೆ ವಸಂತ ಸಪ್ತಾಹದ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ. ಬೇಸಗೆ ತರಬೇತಿಯ ಅರ್ಜಿಗಳು ಅವನು ಬರುವ ಮೊದಲೇ ತೆರೆದಿರುತ್ತವೆ. ಚಳಿಗೆ ಕೋಟು ಕೊಂಡು, ಕೋಣೆ ಹುಡುಕಿ, ಪಾಠಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಎಷ್ಟೋ ಬ್ಯಾಂಕುಗಳ ಗಡುವು ಮುಗಿಯುತ್ತದೆ. ಆದ್ದರಿಂದ ಹೋಗುವುದಾದರೆ ಅರ್ಜಿಗಳನ್ನು ವಿಮಾನ ಹತ್ತುವ ಮೊದಲೇ, ಬೇಸಗೆಯಲ್ಲಿಯೇ ಸಿದ್ಧಪಡಿಸಿಕೊಂಡಿರಬೇಕು. ಇದನ್ನು ಪ್ರವೇಶ ಮಾಡಿಸಿಕೊಡುವ ಏಜೆಂಟರು ಹೇಳುವುದು ಅಪರೂಪ.

ವೀಸಾದ ಲೆಕ್ಕವೂ ಉಂಟು. ಓದು ಮುಗಿಸಿದವರು ಅಲ್ಲಿಯೇ ಉಳಿದು ಕೆಲಸ ಹುಡುಕಲು ‘ಗ್ರಾಜುಯೇಟ್ ರೂಟ್’ ಎಂಬ ಅನುಮತಿಯನ್ನು 2021ರ ಜುಲೈಯಲ್ಲಿ ಎರಡು ವರ್ಷದ ಅವಧಿಗೆ ಆರಂಭಿಸಲಾಯಿತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ ಇದನ್ನು ಹದಿನೆಂಟು ತಿಂಗಳಿಗೆ ಇಳಿಸಲು ಸರ್ಕಾರ ನಿರ್ಧರಿಸಿದೆ. ಆಮೇಲೂ ಅಲ್ಲಿ ದುಡಿಯಬೇಕಾದರೆ ಉದ್ಯೋಗದಾತರ ಪ್ರಾಯೋಜನೆ ಬೇಕು. 2025ರ ಜುಲೈಯಿಂದ ಅದಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡುಗಳ ಸಂಬಳವಿರಬೇಕೆಂದು ನಿಗದಿಯಾಯಿತು, ಹೊಸಬರಿಗೆ ಸ್ವಲ್ಪ ಸಡಿಲಿಕೆಯುಂಟು. ದೊಡ್ಡ ಬ್ಯಾಂಕು ಕೊಡುವ ಸಂಬಳ ಈ ಗೆರೆಯನ್ನು ಸಲೀಸಾಗಿ ದಾಟುತ್ತದೆ. ಬ್ಯಾಂಕಿನ ಬಾಗಿಲು ತೆರೆಯದೆ ಸಣ್ಣ ಕೆಲಸ ಹಿಡಿದವರಿಗೆ ಅದೇ ಗೆರೆ ಗೋಡೆಯಾಗುತ್ತದೆ.

ಆದುದರಿಂದ ಮಗನನ್ನೋ ಮಗಳನ್ನೋ ಈ ಉದ್ದೇಶಕ್ಕಾಗಿ ಕಳುಹಿಸುವ ಹಿರಿಯರು, ಹಣ ಕಟ್ಟುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆಯಬೇಕು. ಈ ವಿದ್ಯಾಲಯದ ಇದೇ ಕೋರ್ಸಿನಿಂದ ಕಳೆದ ಎರಡು ವರ್ಷಗಳಲ್ಲಿ ಯಾವ ಯಾವ ಬ್ಯಾಂಕುಗಳಿಗೆ, ಯಾವ ವಿಭಾಗಕ್ಕೆ ಜನ ಸೇರಿದ್ದಾರೆ? ಅವರಲ್ಲಿ ಹೊರದೇಶದ ವಿದ್ಯಾರ್ಥಿಗಳೆಷ್ಟು? ಹಣಕಾಸು ಸಂಘ ಚುರುಕಾಗಿದೆಯೆ? ನಮ್ಮ ಕಡೆಯಿಂದ ಹೋಗಿ ಅಲ್ಲಿ ಓದಿದ ಒಬ್ಬ ಹಿರಿಯ ವಿದ್ಯಾರ್ಥಿಯೊಡನೆ ಮಾತನಾಡಲು ಸಾಧ್ಯವೆ? ‘ಲಂಡನ್’ ಎಂಬ ಪದ ಹೆಸರಿನಲ್ಲಿದ್ದ ಮಾತ್ರಕ್ಕೆ ಎಲ್ಲ ವಿದ್ಯಾಲಯಗಳೂ ಒಂದೇ ಅಲ್ಲ. ಉತ್ತರಗಳು ಸ್ಪಷ್ಟವಾಗಿ ದೊರೆಯದಿದ್ದರೆ, ಆ ಹಣವನ್ನು ಮಗುವಿನ ಪ್ರತಿಭೆಗೆ ಹೊಂದುವ ಬೇರೆ ದಾರಿಗೆ ಉಳಿಸುವುದು ವಿವೇಕ. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಬೆಂಗಳೂರಿನಲ್ಲಿಯೇ ಕಚೇರಿ ತೆರೆದು ಇಂದು ಸಾವಿರಾರು ಜನರಿಗೆ ಅಲ್ಲಿ ಕೆಲಸ ನೀಡಿದೆ. ಅಲ್ಲಿಯ ಕೆಲಸಗಳ ಸ್ವರೂಪ ಲಂಡನ್ನಿನದರಂತೆಯೇ ಇರಬೇಕೆಂದಿಲ್ಲ. ಆದರೆ ಸಾಲದ ಹೊರೆಯಿಲ್ಲದೆ ಈ ಲೋಕವನ್ನು ಪ್ರವೇಶಿಸುವ ಬಾಗಿಲು ಅದು.

ಬ್ರಿಟನ್ನಿನ ಬ್ಯಾಂಕುಗಳು ವಿದ್ಯಾಲಯದ ಹೆಸರನ್ನು ಕೇಳುವುದನ್ನು ಇಂದೋ ನಾಳೆಯೋ ಬಿಟ್ಟುಬಿಡುತ್ತವೆಂದು ನಂಬುವುದು ಕಷ್ಟ. ಆದರೆ ಹೆಸರಿನ ಹಿಂದೆ ಇರುವುದು ಯಾವ ಮಂತ್ರವೂ ಅಲ್ಲ. ಸಕಾಲದ ವರ್ತಮಾನ, ದಾರಿ ತೋರುವ ಹಿರಿಯರು, ಅಭ್ಯಾಸಕ್ಕೆ ಜೊತೆಗಾರರು, ಸಭೆಯಲ್ಲಿ ಅಂಜದೆ ಮಾತನಾಡುವ ರೂಢಿ ಇವೇ ಅದರ ಹೂರಣ. ಇವುಗಳಲ್ಲಿ ಬಹುಭಾಗವನ್ನು, ಶ್ರದ್ಧೆಯಿದ್ದರೆ, ಹೆಸರಿಲ್ಲದ ವಿದ್ಯಾಲಯದ ವಿದ್ಯಾರ್ಥಿಯೂ ಸಂಪಾದಿಸಿಕೊಳ್ಳಬಲ್ಲ. ಹೆಸರಿರುವ ವಿದ್ಯಾಲಯದಲ್ಲಿ ಸೋಮಾರಿಯಾಗಿ ಕುಳಿತವನು ಕಳೆದುಕೊಳ್ಳಬಲ್ಲ. ಮಕ್ಕಳ ಮುಂದೆ ವಿದ್ಯಾಲಯಗಳ ಪಟ್ಟಿಯನ್ನು ಹರಡಿ ಕೂರುವ ದಿನ, ಯಾವ ಹೆಸರು ದೊಡ್ಡದು ಎಂಬುದರೊಂದಿಗೆ ಆ ಹೆಸರು ನಮ್ಮ ಮಗುವಿಗೆ ಏನನ್ನು ಕೊಡುತ್ತದೆ, ಯಾವ ತಿಂಗಳಲ್ಲಿ ಕೊಡುತ್ತದೆ, ಅದಕ್ಕೆ ನಾವು ಏನನ್ನು ಒತ್ತೆಯಿಡುತ್ತಿದ್ದೇವೆ ಎಂಬುದನ್ನೂ ಕೇಳಿಕೊಳ್ಳೋಣ.